ಇಮೇಲ್ ಸಮಿತಿಯ ಟಪಾಲು ಸರ್

ಇಮೇಲ್ ವ್ಯವಸ್ಥೆಯನ್ನು ಆರಿಸುವುದಕ್ಕೆಂದು ನಮ್ಮ ವಿಶ್ವವಿದ್ಯಾಲಯದಲ್ಲಿ ಒಂದು ಸಮಿತಿ ಮಾಡಿದಾಗ, ಅದರಲ್ಲಿ ಟಪಾಲು ಶಾಖೆಯವರ ಹೆಸರು ನೋಡಿ ನಾನು ನಕ್ಕಿದ್ದೆ. ಮನಸ್ಸಿನಲ್ಲಲ್ಲ, ಕಂಪ್ಯೂಟರ್ ಸೆಂಟರಿನ ಎಲ್ಲರಿಗೂ ಕೇಳುವಂತೆ. ಲಕೋಟೆಗೆ ಗೋಂದು ಹಚ್ಚುವವರಿಗೂ ಕಂಪ್ಯೂಟರ್ ಸರ್ವರ್‌ಗೂ ಏನು ಸಂಬಂಧ ಎಂದೂ ಅಂದಿದ್ದೆ. ಹೋದ ತಿಂಗಳು ಟಪಾಲು ಸರ್ ತೀರಿಕೊಂಡರು ಎಂದು ಹಳೆಯ ಸಹೋದ್ಯೋಗಿಯೊಬ್ಬರು ಫೋನು ಮಾಡಿದಾಗ ಮೊದಲು ನೆನಪಾದದ್ದು ಆ ನಗು. ಎಂಬತ್ತರ ಹತ್ತಿರದ ವಯಸ್ಸು. ಮಧ್ಯಾಹ್ನ ಊಟ ಮಾಡಿ ಮಲಗಿದವರು ಏಳಲಿಲ್ಲವಂತೆ. ಅಂಥ ಸಾವಿಗೆ ಯಾರಾದರೂ ಅತ್ತರೆ ಅವರಿಗೇ ಹಿಡಿಸುತ್ತಿರಲಿಲ್ಲ. ಅದಕ್ಕೇ ಅಳುವ ಬದಲು ನಾಲ್ಕು ಮಾತು ಬರೆಯುತ್ತಿದ್ದೇನೆ. ವಿಶ್ವವಿದ್ಯಾಲಯದ ಹೆಸರು ಬೇಡ, ಈಗ ಅಲ್ಲಿ ಇರುವವರಿಗೆ ಮುಜುಗರವಾದೀತು. ಅವರ ಹೆಸರೂ ಬೇಡ. ಟಪಾಲು ಸರ್ ಎಂದೇ ಎಲ್ಲರೂ ಕರೆಯುತ್ತಿದ್ದದ್ದು.

ಅವರು ಆಡಳಿತ ಕಚೇರಿಯ ಟಪಾಲು ಶಾಖೆಯ ಸೂಪರಿಂಟೆಂಡೆಂಟ್. ಹೊರಗಿನಿಂದ ಬಂದ ಪತ್ರಕ್ಕೆ ಮೊಹರು ಒತ್ತಿ ನಂಬರು ಕೊಡುವುದು, ಒಳಗಿನಿಂದ ಹೋಗುವುದನ್ನು ಅಂಚೆಗೆ ಹಾಕಿಸುವುದು ಅವರ ಕೆಲಸ. ಕ್ಯಾಂಪಸ್ಸಿನ ಒಳಗೇ ಓಡಾಡುವ ಕಾಗದಗಳನ್ನು ಜವಾನರ ಕೈಯಲ್ಲಿ ಕಳಿಸಿ, ತೆಗೆದುಕೊಂಡವರ ಸಹಿಯನ್ನು ಮುದ್ದಾಂ ಪುಸ್ತಕದಲ್ಲಿ ಹಾಕಿಸಿಕೊಂಡು ಬರಬೇಕಿತ್ತು. ಸಹಿ ಗೀಚಿ ಕೊಟ್ಟರೆ ಅವರಿಗೆ ಸಾಲದು, ಗಂಟೆಯನ್ನೂ ಬರೆಯಬೇಕು. ಒಮ್ಮೆ ಡೀನ್ ಒಬ್ಬರು ಗಂಟೆ ಬರೆಯದೆ ಕಳಿಸಿದ್ದಕ್ಕೆ ಇವರೇ ಪುಸ್ತಕ ಹಿಡಿದು ಎರಡು ಮಹಡಿ ಹತ್ತಿ, "ಸರ್, ಟೈಮ್ ಒಂದು ಬಿಟ್ಟುಹೋಗಿದೆ" ಎಂದು ನಿಂತರಂತೆ. ಡೀನ್ ಗದರಿಕೊಂಡರೆ ಇವರು ಸುಮ್ಮನೆ ಪೆನ್ನಿನ ಕ್ಯಾಪು ತೆಗೆದು ಮುಂದೆ ಹಿಡಿದರಂತೆ. ಕೊನೆಗೆ ಡೀನ್ ಬರೆದರು.

ಕುಳ್ಳಗೆ, ದುಂಡಗೆ ಇದ್ದರು. ಹಣೆಯ ಮೇಲೆ ವಿಭೂತಿ ಹಚ್ಚಿಕೊಂಡು ಬರುತ್ತಿದ್ದರು, ಹನ್ನೆರಡು ಗಂಟೆಯ ಹೊತ್ತಿಗೆ ಅದು ಬೆವರಿಗೆ ಅಳಿಸಿಹೋಗಿರುತ್ತಿತ್ತು. ಹರಿದ ಲಕೋಟೆಯನ್ನು ಬಿಸಾಡುವ ಮೊದಲು ಒಮ್ಮೆ ಊದಿ, ಒಳಗೆ ಬೆರಳಾಡಿಸಿ, ಮತ್ತೆ ಕಿಟಕಿಯ ಬೆಳಕಿಗೆ ಹಿಡಿದು ನೋಡುತ್ತಿದ್ದರು. ತಂದೆ ಭದ್ರಾವತಿಯ ಉಕ್ಕಿನ ಕಾರ್ಖಾನೆಯಲ್ಲಿದ್ದವರು, ಹಾಗಾಗಿ ಹುಟ್ಟಿ ಬೆಳೆದದ್ದೆಲ್ಲ ನ್ಯೂ ಟೌನ್. ಸುತ್ತಮುತ್ತಲಿನ ಮನೆಗಳಲ್ಲಿ ತಮಿಳರೂ ತೆಲುಗರೂ ಇದ್ದುದರಿಂದ ತಮಿಳಿನಲ್ಲಿ ಜಗಳ, ತೆಲುಗಿನಲ್ಲಿ ತಮಾಷೆ, ಕನ್ನಡದಲ್ಲಿ ಕಚೇರಿ ಎಂದು ಅವರೇ ಹೇಳಿಕೊಳ್ಳುತ್ತಿದ್ದರು. ಇಂಗ್ಲಿಷು ಎಲ್ಲಿ ಎಂದು ನಾನು ಒಮ್ಮೆ ಕೇಳಿದ್ದಕ್ಕೆ, "ಅದು ಮೇಲಿನವರಿಗೆ ಉತ್ತರ ಬರೆಯೋಕೆ" ಎಂದಿದ್ದರು.

ನಾನು ಶಿವಮೊಗ್ಗದಿಂದ ಬೆಳಗಿನ ಖಾಸಗಿ ಬಸ್ಸು ಹತ್ತುತ್ತಿದ್ದೆ. ಮಾಚೇನಹಳ್ಳಿಯಲ್ಲಿ ವರ್ಕ್‌ಶಾಪುಗಳ ಜನ ಇಳಿದು ಬಸ್ಸು ಸ್ವಲ್ಪ ಸಡಿಲವಾಗುತ್ತಿತ್ತು. ನ್ಯೂ ಟೌನ್‌ನಲ್ಲಿ ಅವರು ಹತ್ತುತ್ತಿದ್ದರು. ಸಮಿತಿಯ ಆದೇಶ ಬಂದ ಮರುದಿನ ನೇರ ಬಂದು ನನ್ನ ಪಕ್ಕದಲ್ಲಿ ಕೂತರು. ನನ್ನ ನಗು ಅವರ ಕಿವಿಗೆ ಬಿದ್ದಿತ್ತೋ ಇಲ್ಲವೋ ಇವತ್ತಿಗೂ ಗೊತ್ತಿಲ್ಲ.

"ಇಮೇಲ್ ಅಂದ್ರೆ ಏನು ಅಂತ ಮೊದಲಿಂದ ಹೇಳಿಕೊಡಮ್ಮ. ಗೊತ್ತಿಲ್ಲದೆ ಸಹಿ ಹಾಕಿ ಅಭ್ಯಾಸ ಇಲ್ಲ ನನಗೆ" ಎಂದರು.

ಅಂದಿನಿಂದ ಬಸ್ಸಿನಲ್ಲಿ ನನಗೆ ಪಾಠ ಮಾಡುವ ಕೆಲಸ, ಅವರಿಗೆ ಪ್ರಶ್ನೆ ಕೇಳುವ ಕೆಲಸ. ಬಸ್ಸಿನಲ್ಲಿ ನಾನು 'ನೀನು', 'ಏನಮ್ಮ', ತಲೆ ಕೆಟ್ಟಾಗ 'ಮಾರಾಯ್ತಿ'. ಕ್ಯಾಂಪಸ್ಸಿನ ಗೇಟು ದಾಟಿದ ಕೂಡಲೇ 'ಮೇಡಂ', 'ನೀವು'. ಸಂಜೆ ಗೇಟಿನಿಂದ ಹೊರಬಿದ್ದರೆ ಮತ್ತೆ 'ನೀನು'. ಒಂದು ದಿನವೂ ತಪ್ಪಿದ್ದಿಲ್ಲ.

ಈಗ ಆಯ್ಕೆಯ ವಿಷಯ ಹೇಳಿಬಿಡುತ್ತೇನೆ. ಎರಡು ಸಾವಿರದ ಇಸವಿ ದಾಟಿ ಮೂರ್ನಾಲ್ಕು ವರ್ಷ ಕಳೆದಿತ್ತು. ಮೇಷ್ಟ್ರುಗಳೆಲ್ಲ ತಮ್ಮ ತಮ್ಮ ಪುಕ್ಕಟೆ ಇಮೇಲ್ ಇಟ್ಟುಕೊಂಡಿದ್ದರು, ವಿಶ್ವವಿದ್ಯಾಲಯದ್ದು ಎಂದು ಒಂದೂ ಇರಲಿಲ್ಲ. ನಮ್ಮದೇ ಸರ್ವರ್ ಬೇಕು, ಅದರಲ್ಲಿ ಇಮೇಲ್ ಜೊತೆಗೆ ಎಲ್ಲರ ಸಭೆ, ಪರೀಕ್ಷೆಗಳ ದಿನ ತೋರಿಸುವ ಕ್ಯಾಲೆಂಡರೂ ಇರಬೇಕು ಎಂದು ಕುಲಸಚಿವರು ತೀರ್ಮಾನಿಸಿದ್ದರು. ಎದುರಿಗೆ ಎರಡು ದಾರಿ ಇದ್ದವು. ಒಂದು, ಬೆಂಗಳೂರಿನ ಕಂಪನಿಯೊಂದು ತೋರಿಸಿದ ಬಣ್ಣಬಣ್ಣದ ಸಾಫ್ಟ್‌ವೇರ್. ಇನ್ನೊಂದು, ನಾನೇ ಒಂದು ಹಳೇ ಯಂತ್ರದ ಮೇಲೆ ಹಾಕಿ ಕೆಲವು ವಿಭಾಗಗಳಿಗೆ ಪ್ರಯೋಗಕ್ಕೆಂದು ಕೊಟ್ಟಿದ್ದ ಉಚಿತ ಸಾಫ್ಟ್‌ವೇರ್. ನನ್ನದು ನೋಡುವುದಕ್ಕೆ ಸಪ್ಪೆ. ಆದರೆ ನಮ್ಮ ಆಮೆವೇಗದ ಲೈನಿನಲ್ಲೂ ತೆರೆದುಕೊಳ್ಳುತ್ತಿತ್ತು.

ಇದರಲ್ಲಿ ನನ್ನ ಸ್ವಾರ್ಥವೂ ಇತ್ತು, ಮುಚ್ಚಿಡುವುದೇನು. ನಾನು ತಾತ್ಕಾಲಿಕ ನೌಕರಿಯವಳು. ನನ್ನ ಸರ್ವರ್ ಆಯ್ಕೆಯಾದರೆ ಅದನ್ನು ನೋಡಿಕೊಳ್ಳಲು ನಾನು ಬೇಕು. ಕಂಪನಿಯದು ಬಂದರೆ ಅವರ ಕಡೆಯವರೇ ಬಂದು ಕೂರುತ್ತಾರೆ, ಜೂನ್ ಮುಗಿಯುವುದರೊಳಗೆ ನಾನು ಮನೆಗೆ. ಸಮಿತಿಯಲ್ಲಿ ಇದ್ದವರು ಕುಲಸಚಿವರು, ಭೌತಶಾಸ್ತ್ರದ ಒಬ್ಬ ಪ್ರೊಫೆಸರ್, ಟಪಾಲು ಸರ್. ನಾನು ಕಾರ್ಯದರ್ಶಿ, ಮತ ಇಲ್ಲ. ಪ್ರೊಫೆಸರರು ಮೊದಲ ದಿನವೇ ಕಂಪನಿಯ ಕಡೆ ವಾಲಿದ್ದರು. ಕುಲಸಚಿವರು ಯಾರು ಹೆಚ್ಚು ಹೇಳುತ್ತಾರೋ ಅವರ ಕಡೆ. ಅಂದರೆ ನನ್ನ ಅನ್ನ ಟಪಾಲು ಸರ್ ಕೈಯಲ್ಲಿತ್ತು. ದಿನಾ ಪಕ್ಕದಲ್ಲಿ ಕೂರುವವರು, ತಮ್ಮ ಡಬ್ಬಿಯ ಚಿತ್ರಾನ್ನದಲ್ಲಿ ನನಗೂ ಪಾಲು ಕೊಡುವವರು, ನನ್ನ ಕೈ ಬಿಡುತ್ತಾರೆಯೇ ಎಂದು ನಾನು ನಿಶ್ಚಿಂತೆಯಿಂದಿದ್ದೆ.

ಕಂಪನಿಯವರು ಕ್ಯಾಲೆಂಡರ್ ತೋರಿಸಲು ಬಂದ ದಿನವೇ ಟಪಾಲು ಸರ್ ಮನಸ್ಸು ಹೇಗೆ ಓಡುತ್ತದೆ ಎಂಬುದು ನನಗೆ ಕಾಣಿಸಿದ್ದು. ಪರದೆಯ ಮೇಲೆ ಒಂದು ದಿನವನ್ನು ಒತ್ತಿ, "ನೋಡಿ ಸರ್, ಎಲ್ಲಾ ಡೀನ್‌ಗಳೂ ಅವತ್ತು ಫ್ರೀ ಇದಾರೆ, ಮೀಟಿಂಗ್ ಹಾಕ್ಬಿಡಬಹುದು" ಎಂದರು ಕಂಪನಿಯವರು. ಆ ದಿನ ಯುಗಾದಿಯ ಮರುದಿನವಾಗಿತ್ತು.

"ಅವತ್ತು ವರ್ಷದ ತೊಡಕು" ಎಂದರು ಟಪಾಲು ಸರ್. "ನಮ್ಮನೇಲಿ ಮಾಂಸ ಮಾಡಲ್ಲ, ನನಗೇನೂ ತೊಂದರೆ ಇಲ್ಲ. ಆದ್ರೆ ಅರ್ಧ ಆಫೀಸು ರಜಾ ಚೀಟಿ ಕೊಟ್ಟಿರುತ್ತೆ."

"ಅದು ಲಿಸ್ಟ್‌ನಲ್ಲಿರೋ ರಜಾ ಅಲ್ವಲ್ಲ ಸರ್. ಇಲ್ಲಿ ಖಾಲಿ ತೋರಿಸ್ತಿದೆ."

"ಖಾಲಿ ಇದೆ ಅಂದ್ರೆ ಯಾರೂ ಬರೆದಿಲ್ಲ ಅಂತ. ಬಿಡುವಾಗಿದಾರೆ ಅಂತ ಅಲ್ಲ. ಕೇಳಿದೀರಾ ಅವರನ್ನ?"

ಕಂಪನಿಯವರು ನಕ್ಕರು. ನಾನೂ ಒಳಗೊಳಗೇ ಖುಷಿಪಟ್ಟೆ. ಆದರೆ ಅದೇ ವಾರ ನನ್ನ ಕ್ಯಾಲೆಂಡರನ್ನೂ ಟಪಾಲು ಸರ್ ಹಾಗೇ ಜಾಲಾಡಿದರು. ಯಾವ ಡೀನ್ ಯಾವತ್ತು ಕ್ಯಾಂಪು, ಯಾರ ಮಗಳ ಬಾಣಂತನ, ಯಾರು ಎರಡನೇ ಶನಿವಾರಕ್ಕೆ ಹೊಂದಿಸಿ ಊರಿಗೆ ಹೋಗುತ್ತಾರೆ ಎಲ್ಲ ಅವರ ತಲೆಯಲ್ಲಿತ್ತು. ನನ್ನ ಸಾಫ್ಟ್‌ವೇರಿಗೆ ಅದೊಂದೂ ಗೊತ್ತಿರಲಿಲ್ಲ. ಕೊನೆಗೆ, ಸಭೆ ಕರೆಯುವಾಗ ಎದುರಿನವರು 'ಬರುತ್ತೇನೆ' ಎಂದು ಒತ್ತುವವರೆಗೂ ಅವರ ಹೆಸರು ಕೆಂಪಗೇ ಇರಬೇಕು ಎಂದು ಪಟ್ಟು ಹಿಡಿದು ನನ್ನಿಂದ ಮಾಡಿಸಿದರು. ಎರಡು ವಾರ ಹಿಡಿಯಿತು. ಬೈದುಕೊಂಡೇ ಮಾಡಿದೆ.

"ಕಳಿಸೋದು ಯಾರು ಬೇಕಾದ್ರೂ ಕಳಿಸ್ತಾರೆ ಕಣಮ್ಮ. ಮುಟ್ಟಿತಾ ಅಂತ ನೋಡೋದು ನಮ್ಮ ಕೆಲಸ" ಎನ್ನುವುದು ಅವರ ಮಾತು. ದಿನಕ್ಕೊಮ್ಮೆಯಾದರೂ ಅದು ಬರುತ್ತಿತ್ತು, ನನಗೆ ಕೇಳಿ ಕೇಳಿ ಸಾಕಾಗಿತ್ತು.

ಕೊನೆಯ ಸಭೆಗೆ ಒಂದು ವಾರ ಇದ್ದಾಗ, ಬಸ್ಸಿನಲ್ಲಿ ಚಿತ್ರಾನ್ನದ ಡಬ್ಬಿಯ ಮುಚ್ಚಳ ಸರಿಮಾಡುತ್ತಾ ಕೇಳಿದರು:

"ನಮ್ಮಲ್ಲಿ ವಿಳಾಸ ತಪ್ಪಾಗಿ ಬಂದ ಕಾಗದ ಒಂದು ಗೂಡಿಗೆ ಹೋಗುತ್ತೆ. ದಿನಾ ಬೆಳಗ್ಗೆ ಮೊದಲು ಅದನ್ನೇ ನೋಡೋದು. ನಿನ್ನ ಸರ್ವರಲ್ಲಿ ಅಂಥದ್ದು ಎಲ್ಲಿಗೆ ಹೋಗುತ್ತೆ?"

"ಪೋಸ್ಟ್‌ಮಾಸ್ಟರ್ ಅಂತ ಒಂದು ಪೆಟ್ಟಿಗೆ ಇರುತ್ತೆ ಸರ್, ಅದಕ್ಕೆ ಹೋಗಿ ಬೀಳೋ ಹಾಗೆ ಮಾಡಿದೀನಿ."

"ಭೇಷ್. ಯಾರು ಆ ಪೋಸ್ಟ್‌ಮಾಸ್ಟರು?"

"ನಾನೇ."

"ದಿನಾ ನೋಡ್ತೀಯಾ?"

ನಾನು ಕಿಟಕಿಯ ಹೊರಗೆ ನೋಡಿದೆ. ಸರ್ವರ್ ಹಾಕಿದ ದಿನ ಆ ಪೆಟ್ಟಿಗೆ ಮಾಡಿದ್ದೆ, ನನ್ನ ಹೆಸರು ಕೊಟ್ಟಿದ್ದೆ, ಆಮೇಲೆ ಅದು ಇದೆ ಎನ್ನುವುದನ್ನೇ ಮರೆತಿದ್ದೆ. ಮೂರು ತಿಂಗಳಾಗಿತ್ತು.

ಅವತ್ತು ಹನ್ನೊಂದು ಗಂಟೆಗೆ ಕಂಪ್ಯೂಟರ್ ಸೆಂಟರಿಗೆ ಬಂದರು. ಆಗ ಅಲ್ಲಿ ಚಪ್ಪಲಿ ಬಾಗಿಲಲ್ಲೇ ಬಿಡುವ ನಿಯಮ. ಬಿಟ್ಟು, ಬಲಗೈಯನ್ನು ಪ್ಯಾಂಟಿಗೆ ಒರೆಸಿಕೊಂಡು ನನ್ನ ಪಕ್ಕ ಕೂತು, "ತೆಗೀರಿ ಮೇಡಂ" ಎಂದರು. ಪೆಟ್ಟಿಗೆಯಲ್ಲಿ ನಾನೂರಕ್ಕೂ ಹೆಚ್ಚು ಪತ್ರ ಇದ್ದವು. ಮುಕ್ಕಾಲು ಪಾಲು ಔಷಧಿಯ ಜಾಹೀರಾತು, ಲಾಟರಿ ಬಂದಿದೆ ಎನ್ನುವ ಮೋಸ. ಒಟ್ಟಿಗೆ ಅಳಿಸಿಬಿಡೋಣ ಎಂದೆ.

"ನಿಧಾನ. ಒಂದೊಂದಾಗಿ ಓದಿ."

ಊಟದ ಹೊತ್ತಿನವರೆಗೂ ಓದಿದೆವು. ಅವರು ವಿಳಾಸವನ್ನು ಗಟ್ಟಿಯಾಗಿ ಓದುವುದು, ಇದು ಯಾರಿಗೆ ಹೋಗಬೇಕಿತ್ತು ಎಂದು ಯೋಚಿಸುವುದು, ನಾನು ಬರೆದುಕೊಳ್ಳುವುದು. ಇನ್ನೂರರ ಆಸುಪಾಸಿನಲ್ಲಿ ಒಂದು ಪತ್ರ ಸಿಕ್ಕಿತು. ತಮಿಳುನಾಡಿನ ಪ್ರೊಫೆಸರೊಬ್ಬರು ನಮ್ಮ ಅರ್ಥಶಾಸ್ತ್ರ ವಿಭಾಗಕ್ಕೆ ಬರೆದದ್ದು. ನಮ್ಮ ಸಂಶೋಧನಾ ವಿದ್ಯಾರ್ಥಿನಿಯೊಬ್ಬಳ ಮೌಖಿಕ ಪರೀಕ್ಷೆಗೆ ಅವರು ಪರೀಕ್ಷಕರು. ಈ ತಿಂಗಳ ಹದಿನೆಂಟರಂದು ಮಾತ್ರ ಬರಬಲ್ಲೆ, ಆಮೇಲೆ ಆರು ತಿಂಗಳು ಪರದೇಶ, ಉತ್ತರ ಬಾರದಿದ್ದರೆ ಬೇಡವೆಂದುಕೊಳ್ಳುತ್ತೇನೆ ಎಂದಿತ್ತು. ವಿಭಾಗದ ವಿಳಾಸದಲ್ಲಿ ಒಂದು ಅಕ್ಷರ ಬಿಟ್ಟಿದ್ದರು. ಪತ್ರ ಬಂದು ಹನ್ನೆರಡು ದಿನವಾಗಿತ್ತು. ಅವತ್ತು ತಾರೀಖು ಹದಿನಾಲ್ಕು.

ಆ ಹುಡುಗಿಯನ್ನು ನಾವಿಬ್ಬರೂ ಬಲ್ಲೆವು. ಭದ್ರಾವತಿಯ ಕಾಲೇಜೊಂದರಲ್ಲಿ ಪಾಠ ಮಾಡುತ್ತಿದ್ದಳು. ಆ ತಿಂಗಳೊಳಗೆ ಡಾಕ್ಟರೇಟ್ ಕೈಗೆ ಬಂದರೆ ಅವಳ ಕೆಲಸ ಖಾಯಂ. ಎರಡು ವಾರದಿಂದ ಟಪಾಲು ಶಾಖೆಯ ಬಾಗಿಲಿಗೆ ಬಂದು, "ಸರ್, ಬಂತಾ?" ಎಂದು ಕೇಳಿ ಹೋಗುತ್ತಿದ್ದಳು. ಪತ್ರ ನನ್ನ ಪೆಟ್ಟಿಗೆಯಲ್ಲಿ ಕೂತಿತ್ತು.

ಟಪಾಲು ಸರ್ ಬೈಯಲಿಲ್ಲ. ಪತ್ರವನ್ನು ಪ್ರಿಂಟ್ ತೆಗೆಸಿ, ಮೊಹರು ಒತ್ತಿ, ನಂಬರು ಹಾಕಿ ತಾವೇ ಅರ್ಥಶಾಸ್ತ್ರ ವಿಭಾಗಕ್ಕೆ ನಡೆದರು, ನಾನು ಹಿಂದೆಯೇ ಹೋದೆ. ವಿಭಾಗದ ಮುಖ್ಯಸ್ಥರನ್ನು ಪಕ್ಕದಲ್ಲಿ ಕೂರಿಸಿಕೊಂಡು ಆ ಪ್ರೊಫೆಸರಿಗೆ ಫೋನು ಹಚ್ಚಿಸಿದರು. ಆಚೆಯಿಂದ ಸಿಟ್ಟಿನ ದನಿ ಕೇಳಿದ್ದೇ ತಡ, ರಿಸೀವರ್ ತಾವು ತೆಗೆದುಕೊಂಡು ತಮಿಳಿನಲ್ಲಿ ಶುರು ಮಾಡಿದರು. ತಪ್ಪು ನಮ್ಮದು ಅಂದರೋ, ಹುಡುಗಿಯ ಕಷ್ಟ ಹೇಳಿದರೋ, ಏನು ಮಾತಾಡಿದರೋ ನನಗೆ ತಿಳಿಯಲಿಲ್ಲ. ಐದು ನಿಮಿಷವಾದ ಮೇಲೆ ಇಬ್ಬರೂ ನಗುತ್ತಿದ್ದರು. ಹದಿನೆಂಟರಂದು ಅವರು ಬಂದರು, ಪರೀಕ್ಷೆ ಆಯಿತು, ಹುಡುಗಿ ಎಲ್ಲರಿಗೂ ಪೇಡ ಹಂಚಿದಳು. ನನಗೆ ಎರಡು ಕೊಟ್ಟಳು, ಎರಡನ್ನೂ ಕಾಗದದಲ್ಲಿ ಸುತ್ತಿ ಡ್ರಾಯರಿಗೆ ಹಾಕಿದೆ.

ಪೇಡ ಹಂಚಿದ ಸಂಜೆ ಬಸ್ಸಿನಲ್ಲಿ ಅವರು ಕೇಳಿದ್ದು ಒಂದೇ. "ಸಮಿತೀಲಿ ಹೇಳ್ತೀಯೇನಮ್ಮ?"

ನಾನು ಟಿಕೇಟು ಹುಡುಕುವ ನೆಪದಲ್ಲಿ ಬ್ಯಾಗಿಗೆ ಕೈ ಹಾಕಿದೆ. ಹುಡುಗಿಯ ಕೆಲಸ ಆಗಿದೆ, ಯಾರಿಗೂ ನಷ್ಟವಾಗಿಲ್ಲ, ಹೇಳಿದರೆ ನನ್ನ ಸರ್ವರಿಗೆ ಕಲ್ಲು ಬಿದ್ದ ಹಾಗೆ, ನಾನು ಜೂನಿಗೆ ಮನೆಗೆ. ಅವರೂ ಮತ್ತೆ ಕೇಳಲಿಲ್ಲ. ಮುಂದಿನ ಎರಡು ದಿನ ಚಿತ್ರಾನ್ನದ ಮಾತಾಡಿದರು, ಮೊಮ್ಮಗುವಿನ ಹಲ್ಲಿನ ಮಾತಾಡಿದರು, ಕಾರ್ಖಾನೆಯ ಸೈರನ್ ಎರಡು ನಿಮಿಷ ತಡವಾದದ್ದರ ಬಗ್ಗೆ ಮಾತಾಡಿದರು. ಇದೊಂದನ್ನು ಬಿಟ್ಟು ಎಲ್ಲವನ್ನೂ ಮಾತಾಡಿದರು. ನನಗೆ ಅವರ ಮೇಲೆ ಎಷ್ಟು ಸಿಟ್ಟು ಬಂತೆಂದರೆ, ಬೈದಿದ್ದರೆ ಒಳ್ಳೆಯದಿತ್ತು ಅನ್ನಿಸಿತು. ಮೂರನೆಯ ದಿನ ಬೇಕೆಂದೇ ಆ ಬಸ್ಸು ಬಿಟ್ಟು ನಂತರದ ಬಸ್ಸಿನಲ್ಲಿ ಹೋದೆ.

ಸಭೆಯ ದಿನ ಅವರು ಸಮಯಕ್ಕೆ ಐದು ನಿಮಿಷ ಮೊದಲು ಬಂದು, ಎರಡೂ ಕೈ ಮೇಜಿನ ಮೇಲಿಟ್ಟು ಕೂತರು. ಪ್ರೊಫೆಸರರು ಕಂಪನಿಯ ಗುಣಗಾನ ಮಾಡಿ ಮುಗಿಸಿದರು. ಕುಲಸಚಿವರು ಟಪಾಲು ಸರ್ ಕಡೆ ತಿರುಗಿ, "ಮೇಡಂ ಅವರ ಸರ್ವರು ಮೂರು ತಿಂಗಳಿಂದ ನಡೀತಿದೆ. ನೀವು ಹತ್ತಿರದಿಂದ ನೋಡಿದೀರಿ. ಏನಾದ್ರೂ ಕಂಪ್ಲೇಂಟು?" ಎಂದು ಕೇಳಿದರು.

ಅವರು ಬಾಯಿ ಬಿಡಲಿಲ್ಲ. ನನ್ನ ಕಡೆ ನೋಡಲೂ ಇಲ್ಲ, ಮೇಜನ್ನೇ ನೋಡುತ್ತಿದ್ದರು. ಹೇಳುವುದಿಲ್ಲ ಎಂದು ನನಗೆ ಖಾತ್ರಿಯಾಯಿತು. ಸುಮ್ಮನಿದ್ದರೆ ಗೆದ್ದೆ. ಆ ನಾಲ್ಕು ಕ್ಷಣ ನಾನು ಸುಮ್ಮನೇ ಇದ್ದೆ, ಅದನ್ನೂ ಹೇಳಿಬಿಡಬೇಕು. ಆಮೇಲೆ ಆ ಮೌನವೇ ತಡೆಯಲಾಗದೆ, "ಒಂದಿದೆ ಸರ್" ಎಂದೆ.

ಎಲ್ಲ ಹೇಳಿದೆ. ಪೆಟ್ಟಿಗೆ, ಮೂರು ತಿಂಗಳು, ನಾನೂರು ಪತ್ರ, ಹನ್ನೆರಡು ದಿನ, ಆ ಹುಡುಗಿ. ಕುಲಸಚಿವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ಅದಕ್ಕೇ ನಾನು ಹೇಳಿದ್ದು, ಕಂಪನೀನೇ ಬೇಕು ಅಂತ" ಎಂದರು ಪ್ರೊಫೆಸರರು.

ಟಪಾಲು ಸರ್ ಎದ್ದು ನಿಂತರು.

"ಕಂಪನಿಯವರನ್ನೂ ಕೇಳಿದೆ ಸರ್. ಅವರದ್ರಲ್ಲೂ ಆ ಪೆಟ್ಟಿಗೆ ಇದೆಯಂತೆ. ಯಾರು ನೋಡ್ತಾರೆ ಅಂದೆ. ಬೆಂಗಳೂರಲ್ಲಿ ಯಾರೋ ನೋಡ್ತಾರೆ ಅಂದ್ರು." ಪೂರ್ತಿ ಕುಲಸಚಿವರ ಕಡೆಗೇ ತಿರುಗಿ ಮುಂದುವರಿಸಿದರು. "ಟಪಾಲಲ್ಲಿ ಇಪ್ಪತ್ತೆಂಟು ವರ್ಷ ಆಯ್ತು ನನಗೆ. ನನ್ನ ಕೈಯಲ್ಲೂ ಒಂದು ಕಾಗದ ಕಳೆದಿತ್ತು. ಒಬ್ಬರ ಇಂಟರ್‌ವ್ಯೂ ಕಾರ್ಡು. ಬೀರು ಹಿಂದೆ ಬಿದ್ದಿದ್ದು ಆರು ತಿಂಗಳಾದ ಮೇಲೆ ಸಿಕ್ತು. ಹರಿದು ಹಾಕಿದೆ. ಇವತ್ತಿನ ತನಕ ಯಾರ ಹತ್ರಾನೂ ಹೇಳಿಲ್ಲ ಸರ್. ಧೈರ್ಯ ಬರಲಿಲ್ಲ."

ಅವರು ಅಂಗಿಯ ಜೇಬಿನಿಂದ ನಾಲ್ಕು ಮಡಿಕೆಯ ಹಾಳೆಯೊಂದನ್ನು ತೆಗೆದು, ಬಿಡಿಸಿ, ಕಚೇರಿಯ ಕನ್ನಡದಲ್ಲಿ ಓದಿದರು. "ಪ್ರಯೋಗದ ಅವಧಿಯಲ್ಲಿ ಆದ ಲೋಪವನ್ನು ಮೇಡಂ ಅವರು ತಾವಾಗಿಯೇ ಸಭೆಯ ಗಮನಕ್ಕೆ ತಂದಿರುತ್ತಾರೆ. ಲೋಪವನ್ನು ಹೇಳುವವರ ಕೈಯಲ್ಲಿ ಟಪಾಲು ಇರುವುದು ಕ್ಷೇಮ. ಆದ್ದರಿಂದ ಅವರ ಸರ್ವರನ್ನೇ ಆಯ್ಕೆ ಮಾಡಬಹುದು. ವಿಳಾಸ ಸಿಗದ ಪತ್ರಗಳ ಪೆಟ್ಟಿಗೆಯನ್ನು ದಿನವೂ ತೆರೆಯುವ ಹೊಣೆಯನ್ನು ಟಪಾಲು ಶಾಖೆಗೆ ವಹಿಸಬೇಕೆಂದು ಕೋರುತ್ತೇನೆ."

ಕುಲಸಚಿವರು ಹಾಳೆಯನ್ನು ಕೇಳಿ ಪಡೆದು ಇನ್ನೊಮ್ಮೆ ತಾವೇ ಓದಿ, ಅದರ ಕೆಳಗೇ ಒಪ್ಪಿಗೆ ಬರೆದರು. ಪ್ರೊಫೆಸರರು ಗೊಣಗಿದರು, ಆದರೆ ಸಹಿ ಹಾಕಿದರು. ನಾನು ಆ ಕೆಲಸದಲ್ಲಿ ಉಳಿದೆ, ಮುಂದೆ ಖಾಯಂ ಕೂಡ ಆದೆ. ಇಮೇಲ್ ಬಂದರೆ ನಮಗೆ ಕೆಲಸ ಇರಲ್ಲ ಎಂದು ಹೆದರಿದ್ದ ಟಪಾಲು ಶಾಖೆಯ ಜವಾನರು ಸರದಿಯ ಮೇಲೆ ಬಂದು ಆ ಪೆಟ್ಟಿಗೆ ತೆರೆಯುವುದನ್ನು ಕಲಿತರು. ಟಪಾಲು ಸರ್ ನಿವೃತ್ತರಾಗುವವರೆಗೂ ದಿನಾ ಬೆಳಗ್ಗೆ ಹತ್ತೂಕಾಲಿಗೆ ಚಪ್ಪಲಿ ಬಿಟ್ಟು ಒಳಗೆ ಬರುತ್ತಿದ್ದರು. ಆ ವರ್ಷಗಳು ನನ್ನ ನೌಕರಿಯ ಸುಖದ ವರ್ಷಗಳು ಎಂದು ಈಗ ಅನ್ನಿಸುತ್ತದೆ.

ಸಭೆಯ ದಿನ ಸಂಜೆ ಬಸ್ಸಿನಲ್ಲಿ ನಾವು ಒಟ್ಟಿಗೇ ಕೂತೆವು. ನನ್ನ ತಲೆಯಲ್ಲಿ ಒಂದೇ ವಿಷಯ ಸುತ್ತುತ್ತಿತ್ತು. ಸಭೆಗೆ ಬಂದು ಕೂತ ಮೇಲೆ ಅವರು ಪೆನ್ನು ಮುಟ್ಟಿರಲಿಲ್ಲ. ನಾನು ಬಾಯಿ ಬಿಡುವ ಮೊದಲೇ, 'ತಾವಾಗಿಯೇ ಗಮನಕ್ಕೆ ತಂದಿರುತ್ತಾರೆ' ಎನ್ನುವ ಮಾತು ಅವರ ಜೇಬಿನಲ್ಲಿತ್ತು. ನ್ಯೂ ಟೌನ್ ಹತ್ತಿರ ಬಂದಾಗ ತಡೆಯಲಾಗದೆ ಕೇಳಿದೆ.

"ಸರ್, ನಾನು ಹೇಳದೇ ಹೋಗಿದ್ರೆ ಏನು ಮಾಡ್ತಿದ್ರಿ?"

ಅವರು ಡಬ್ಬಿಯ ಚೀಲವನ್ನು ಹೆಗಲಿಗೆ ಹಾಕಿಕೊಂಡು, ಸೀಟಿನ ಕಂಬಿ ಹಿಡಿದು ಎದ್ದರು.

"ಇನ್ನೊಂದು ಹಾಳೆ ಬರ್ಕೊಂಡು ಬಂದಿರ್ಲಿಲ್ಲ ಕಣಮ್ಮ" ಎಂದು ಇಳಿದು ಹೋದರು.